ರತನ್ ಸೀರಿಯಸ್

ಶಂಕರನಾರಾಯಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಚಂದಯ್ಯನವರಿಗೆ ಮಗಳು ಮೆಚ್ಚಿದ ಹುಡುಗ ಹಿಡಿಸಲಿಲ್ಲ. ರತನ್ ಗಂಗೊಳ್ಳಿಯವನು, ಅಲ್ಲಿ ಐಸ್ ಪ್ಲಾಂಟ್ ನಡೆಸುತ್ತಾನೆ. ಮನೆಗೆ ಬಂದವನು ಕೇಳಿದ್ದಕ್ಕೆಲ್ಲ ನಗುನಗುತ್ತಲೇ ಉತ್ತರ ಕೊಟ್ಟಿದ್ದ. ಇವನಿಗೆ ಮದುವೆಯೆಂದರೆ ಮಕ್ಕಳಾಟ, ಈ ಸಂಬಂಧ ಬೇಡ ಎಂದು ಚಂದಯ್ಯ ಮುಖಕ್ಕೇ ಹೇಳಿ ಕಳಿಸಿದರು.

ಮಗಳು ವಿಜೇತಾ ಕುಂದಾಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಅಪ್ಪನೆದುರು ನಿಂತು ವಾದಿಸುವುದು ಅವಳಿಂದಾಗದು. ಮೂರನೆಯ ದಿನ ಕ್ಲಾಸಿಗೆ ಹೋಗುವ ಮುಂಚೆ ಅಪ್ಪನ ಫೋನಿಗೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬರೆದು ಕಳಿಸಿದಳು: 'ರತನ್ ಈಸ್ ಸೀರಿಯಸ್.' ಫೋನನ್ನು ಬ್ಯಾಗಿಗೆ ಹಾಕಿ ಒಳಗೆ ಹೋದಳು.

ಚಂದಯ್ಯನವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಆ ಪದ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಅಣ್ಣ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು ಹೇಳಿದ್ದೂ ಅದನ್ನೇ. ಮರುದಿನ ಅಣ್ಣ ತೀರಿಕೊಂಡಿದ್ದರು. ತನ್ನ ಮಾತಿಗೆ ನೊಂದು ಹುಡುಗ ಏನಾದರೂ ಮಾಡಿಕೊಂಡನೇ ಎಂದು ಅವರು ಹೆದರಿದರು. ಮಗಳಿಗೆ ಆರು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಅಂಗಡಿ ಬಾಗಿಲು ಹಾಕಿ ರಿಕ್ಷಾ ಹಿಡಿದು ಗಂಗೊಳ್ಳಿಗೆ ಹೊರಟರು. ಎಂಥ ನಗುಮುಖದ ಹುಡುಗ, ಒಂದು ದಿನವೂ ಸಿಟ್ಟು ಮಾಡಿದವನಲ್ಲ ಎಂದು ದಾರಿಯುದ್ದಕ್ಕೂ ರಿಕ್ಷಾದವನ ಹತ್ತಿರ ಹೇಳಿಕೊಂಡರು. ಅವರು ಅವನನ್ನು ನೋಡಿದ್ದು ಒಂದೇ ಸಲ.

ರತನನ ಅಮ್ಮ ಜಲಜ ನೆರೆಯ ಹೆಂಗಸರೊಂದಿಗೆ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದರು. ಚಂದಯ್ಯ ಕೈಮುಗಿದವರೇ ಅತ್ತುಬಿಟ್ಟರು.

"ನಾನ್ ಬ್ಯಾಡ ಅಂದದ್ದ್ ತಪ್ಪಾಯ್ತ್ ಅಕ್ಕ. ಅವ ಒಂದ್ಸಲ ಕಣ್ಣ್ ಬಿಡ್ಲಿ, ಮಗಳನ್ನ ಅವ್ನಿಗೇ ಕೊಡ್ತೆ."

ಜಲಜ ತಬ್ಬಿಬ್ಬಾದರು. "ಕಣ್ಣ್ ಬಿಟ್ಕಂಡೇ ಐಸ್ ಪ್ಲಾಂಟಿಗ್ ಹೋಯ್ದ ಅಲ್ದಾ. ಕೂಕಣಿ, ಕರೆಸ್ತೆ," ಎಂದು ಅವರನ್ನು ಕೂರಿಸಿದರು.

ಹತ್ತು ನಿಮಿಷದಲ್ಲಿ ರತನ್ ಬಂದ, ಮೊಣಕಾಲವರೆಗೂ ಪ್ಯಾಂಟು ಒದ್ದೆ. ನಡೆದದ್ದನ್ನು ಕೇಳಿ ಅವನು ನಗಲಿಲ್ಲ. ಚಂದಯ್ಯನವರ ಪಕ್ಕ ಕೂತು ಕುಡಿಯಲು ನೀರು ಕೊಟ್ಟ.

ಅಷ್ಟರಲ್ಲಿ ಕ್ಲಾಸು ಮುಗಿಸಿದ ವಿಜೇತಾಳ ಫೋನ್ ಬಂತು. ಚಂದಯ್ಯ ನಡೆದದ್ದನ್ನೆಲ್ಲ ಹೇಳಿದರು. ಅವಳು ಮೆಲ್ಲಗೆ ಹೇಳಿದಳು: "ರೋಗಿಗೂ ಹಂಗೇ ಹೇಳ್ತ್ರ್ ಅಪ್ಪಯ್ಯ. ಆರೆ ನಾ ಹೇಳಿದ್ದ್, ಅವ ತಮಾಷಿ ಮಾಡ್ತಾ ಇಲ್ಲ ಅಂದೇಳಿ."

ಕನ್ನಡದಲ್ಲಿ ಬರೆಯಲು ಏನಾಗಿತ್ತು ಎಂದಷ್ಟೇ ಚಂದಯ್ಯ ಕೇಳಿದರು. ಅವರು ಕಾಪಿ ಕುಡಿದು ಏಳುವಷ್ಟರಲ್ಲಿ ಹೆಂಗಸರು ಕೇರಿಯಿಡೀ ಸುದ್ದಿ ಮುಟ್ಟಿಸಿ, ಮದುವೆ ಯಾವಾಗ ಎಂದು ವಿಚಾರಿಸತೊಡಗಿದ್ದರು. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಅವರಿಗೆ ಕಾಣಲಿಲ್ಲ.

ಊರಿನಲ್ಲಿ ಮಾತ್ರ, ತಾನೇ ಖುದ್ದಾಗಿ ಗಂಗೊಳ್ಳಿಗೆ ಹೋಗಿ ಹುಡುಗನನ್ನು ಸರಿಯಾಗಿ ಪರೀಕ್ಷಿಸಿ ಒಪ್ಪಿ ಬಂದೆ ಎಂದು ಅವರು ಗಂಭೀರವಾಗಿಯೇ ಹೇಳಿದರು.