ಮುಷ್ಕರದ ತಿಂಗಳ ಗಾಡಿ

ಹಲ್ಲಿನ ಡಾಕ್ಟರು ತಮ್ಮ ಶೆಡ್ಡಿನಲ್ಲಿ ಟಾರ್ಪಾಲಿನ ಒಂದು ಮೂಲೆಯನ್ನು ತಾವು ಹಿಡಿದು ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ಹಿಂದಕ್ಕೆ ನಡೆದೆವು. ಮಡಿಕೆಗಳಲ್ಲಿ ವರ್ಷಗಟ್ಟಲೆ ಕೂತಿದ್ದ ದೂಳು ಎದ್ದು, ತಗಡಿನ ಮಾಡಿನ ತೂತುಗಳಿಂದ ಬೀಳುತ್ತಿದ್ದ ಬಿಸಿಲಿನಲ್ಲಿ ತೇಲಿತು, ಕೆಳಗಿಳಿಯುವ ಮನಸ್ಸೇ ಇಲ್ಲದಂತೆ. ಅದರ ಹಿಂದೆ ಗಾಡಿ ಇತ್ತು. ಇಬ್ಬರೇ ಕೂರುವಂಥದ್ದು. ಮೂತಿ ಉದ್ದ, ನೆಲಕ್ಕೆ ಅಂಟಿದಷ್ಟು ತಗ್ಗು. ಒಂದು ಕಾಲಕ್ಕೆ ಕೆಂಪಾಗಿದ್ದ ಬಣ್ಣ ಈಗ ಹಳೇ ಇಟ್ಟಿಗೆಯದಾಗಿತ್ತು. ಎರಡು ಚಕ್ರಗಳಲ್ಲಿ ಗಾಳಿಯಿಲ್ಲದೆ, ಯಾರದೋ ಪಿಸುಮಾತಿಗೆ ಕಿವಿಗೊಟ್ಟವರ ಹಾಗೆ ಒಂದು ಪಕ್ಕಕ್ಕೆ ವಾಲಿಕೊಂಡಿತ್ತು.

"ಬಾಯಿ ತೆಗೆಸಿ ನೋಡಿ," ಎಂದರು ಡಾಕ್ಟರು. "ಮೇಲಿಂದ ನೋಡಿದ್ರೆ ಹುಳುಕು ಗೊತ್ತಾಗಲ್ಲ."

ಚಿಕ್ಕಮ್ಮ ನಕ್ಕಳು. ಅಮ್ಮ ನಗಲಿಲ್ಲ. ಬಾಗಿಲಲ್ಲೇ ಕೈಕಟ್ಟಿ ನಿಂತು, ವೈರಿಯ ಮನೆಯ ಮದುವೆಗೆ ಬಂದವಳಂತೆ ಗಾಡಿಯನ್ನು ಅಳೆಯುತ್ತಿದ್ದಳು.

ಈ ಗಾಡಿಗಳು ಹುಟ್ಟಿದ್ದು ನಮ್ಮೂರಲ್ಲೇ, ಸೇತುವೆಯಾಚೆಯ ಕಾರ್ಖಾನೆಯಲ್ಲಿ. ಅಮ್ಮ, ಚಿಕ್ಕಮ್ಮ ಇಬ್ಬರೂ ಅಲ್ಲಿ ಅಂಟಿನ ಸಾಲಿನಲ್ಲಿದ್ದರು. ಎರಡು ತಗಡು ಕೂಡುವ ಜೋಡಿಗೆ ನೀರು ನುಗ್ಗದ ಹಾಗೆ ಅಂಟು ಹಿಂಡಿ, ಅದನ್ನು ತೋರುಬೆರಳಿನಿಂದ ಒಂದೇ ಎಳೆತಕ್ಕೆ ಸವರುವ ಕೆಲಸ. ನಡುವೆ ನಿಂತರೆ ಗಂಟು ಬೀಳುತ್ತದೆ, ಗಂಟಿನ ಕೆಳಗೆ ನೀರು ಕೂರುತ್ತದೆ. ಹೆಂಗಸರ ಬೆರಳು ಸಪೂರ ಎಂದು ಆ ಸಾಲಿಗೆ ಹೆಂಗಸರನ್ನೇ ಹಾಕಿದ್ದರು. ಕೂಲಿಯನ್ನೂ ಬೆರಳಿನಷ್ಟೇ ಸಪೂರ ಮಾಡಿದ್ದರು. ಅಂಟಿನ ಹೊಗೆ ಹೊರಹೋಗಲು ಆ ಉದ್ದನೆ ಕೋಣೆಯಲ್ಲಿ ಒಂದೂ ಕಿಟಕಿ ಇರಲಿಲ್ಲ. ಅಮ್ಮನ ತೋರುಬೆರಳಿಗೆ ಇವತ್ತಿಗೂ ಬಿಸಿ ಯಾವುದು ತಣ್ಣಗಿನದು ಯಾವುದು ಎಂದು ತಿಳಿಯುವುದಿಲ್ಲ.

ಒಂದು ಚಳಿಗಾಲ ಅವರೆಲ್ಲ ಕೆಲಸ ಬಿಟ್ಟು ಗೇಟಿನ ಮುಂದೆ ಕೂತರು. ಕೇಳಿದ್ದು ಕೈಗವಸು ಮತ್ತು ಗಾಳಿ. ಗಾಳಿಯನ್ನು! ಭೂಮಿಯ ಮೇಲೆ ನಾಯಿಗೂ ಬಿಟ್ಟಿ ಸಿಗುವ ಗಾಳಿಯನ್ನು ಕೇಳಿದ್ದಕ್ಕೆ ಕಂಪನಿ ಕಾವಲಿನವರನ್ನು ಕರೆಸಿತು. ಕಿಟಕಿಗೆ ಪರದೆ ಹಾಕಿದ ಬಸ್ಸುಗಳಲ್ಲಿ ಹೊರಗಿನವರನ್ನು ತುಂಬಿಸಿ ಒಳಗೆ ಬಿಟ್ಟುಕೊಂಡಿತು. ನಾನಾಗ ಅಮ್ಮನ ತೊಡೆಯ ಮೇಲೆ ಹಿಡಿಸುವಷ್ಟು ಸಣ್ಣವಳು. ಮಂಜಿನಲ್ಲಿ ಗೇಟು ತೆರೆಯುತ್ತಿತ್ತು. ಬಿಳಿ ಬಟ್ಟೆ ಹೊದ್ದ ಗಾಡಿಗಳು ಲಾರಿಯ ಮೇಲೆ ಒಂದರ ಹಿಂದೊಂದು ಸದ್ದಿಲ್ಲದೆ ಹೊರಟು, ನಮ್ಮ ತಲೆಗಳ ಮೇಲಿಂದ ತೇಲಿ ಹೋಗುತ್ತಿದ್ದವು. ಹೆಂಗಸರೆಲ್ಲ ಧಿಕ್ಕಾರ ಕೂಗುತ್ತಿದ್ದರು. ನಾನೂ ಕೂಗುತ್ತಿದ್ದೆ. ಕೂಗುತ್ತಲೇ, ಆ ಬಟ್ಟೆಯ ಕೆಳಗಿನ ಉದ್ದ ಮೂತಿಯ ಮೇಲೆ ಕೈಯಾಡಿಸಬೇಕೆಂದು ಆಸೆಪಡುತ್ತಿದ್ದೆ.

ಆ ಆಸೆ ಹೋಗಲಿಲ್ಲ. ಈಗ ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ದಿನವಿಡೀ ಬಸ್ಸಿನ ಹೊಟ್ಟೆಯ ಕೆಳಗೆ ಮಲಗಿ ಮೇಲೆ ನೋಡುವಾಗಲೂ ಆ ಬಿಳಿ ಮೆರವಣಿಗೆ ಹಾದುಹೋಗುತ್ತದೆ. ಕಟ್ಟಿದವರು ಒಂದು ದಿನವೂ ಅದರಲ್ಲಿ ಕೂರಲಿಲ್ಲ ಎನ್ನುವುದು ನನ್ನನ್ನು ಸುಡುತ್ತದೆ. ಹಾಗಾಗಿ ಇದನ್ನು ಕೊಳ್ಳುವುದು ಎಂದು ನಾನು ಅಂದುಕೊಂಡೇ ಇರಲಿಲ್ಲ. ಮನೆಗೆ ವಾಪಸ್ ತರುವುದು ಎಂದೇ ಲೆಕ್ಕ: ಬಿಚ್ಚಿ, ತಿಕ್ಕಿ, ಕೂಡಿಸಿ, ಅಮ್ಮನನ್ನು ಕೂರಿಸಿಕೊಂಡು ಸೇತುವೆ ದಾಟುವುದು.

ಆದರೆ ನಮ್ಮ ಮನೆಯ ಶೆಡ್ಡು ಅಮ್ಮನದು. "ನಾವು ಮಾಡಿದ ಗಾಡಿಯಾದ್ರೆ ತಗೊಂಡ್ ಬಾ, ನಾನೂ ಕೈ ಹಾಕ್ತೀನಿ," ಎಂದಿದ್ದಳು. "ನಾವು ಹೊರಗೆ ಕೂತಿದ್ದಾಗ ಮಾಡಿದ್ದು ನನ್ನ ಹೊಸ್ತಿಲು ದಾಟಬಾರ್ದು. ನಾನೇ ಬಂದು ನೋಡ್ತೀನಿ." ಈ ಗಾಡಿ ಮುಷ್ಕರದ ವರ್ಷದ್ದೇ. ಯಾವ ತಿಂಗಳದ್ದು ಎಂದು ಮಾರುತ್ತಿದ್ದ ಡಾಕ್ಟರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಕೊಳ್ಳುತ್ತಿರಲಿಲ್ಲ, ಆ ಚಳಿಗಾಲದ ಗಾಡಿಗಳು ಡಿಕ್ಕಿಯಲ್ಲಿ ನೀರು ತುಂಬಿಕೊಂಡು ಒಳಗಿಂದೊಳಗೆ ಕೊಳೆಯುತ್ತವೆಂದು ಹಳೇ ಗಾಡಿಯ ಹುಚ್ಚರಿಗೆಲ್ಲ ಗೊತ್ತು.

ನಾನು ಕೆಲಸ ಶುರುಮಾಡಿದೆ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಕೆಳಗೆ ಜಾರಿಸುತ್ತ ಹೋದೆ. ಎರಡು ಕಡೆ ಹಿಡಿಯದೆ ಬಿದ್ದುಹೋಯಿತು; ಒಳಗೆ ತಗಡಿಲ್ಲ, ಬರೀ ಮೆತ್ತಿದ ಪುಟ್ಟಿ. ಡ್ರೈವರ್ ಕಾಲಿಡುವ ಜಾಗದಲ್ಲಿ ಸ್ಕ್ರೂ ಡ್ರೈವರ್ ಒತ್ತಿದರೆ ನೆಲದ ತಗಡು ರೊಟ್ಟಿಯ ತುಂಡಿನ ಹಾಗೆ ಮುರಿದು ಕೈಗೆ ಬಂತು. ಚಾವಣಿಯ ಬಟ್ಟೆ ಚಿಂದಿ. ಎಂಜಿನ್ನಿಗೆ ಪಾನಾ ಹಾಕಿ ಉಸಿರು ಬಿಗಿಹಿಡಿದು ಎಳೆದೆ. ಮೊದಲು ಮಿಸುಕಲಿಲ್ಲ. ಆಮೇಲೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಒಂದು ಸುತ್ತು ತಿರುಗಿತು.

"ತಿರುಗ್ತು!" ಎಂದೆ.

"ಬೇರು ಗಟ್ಟಿ ಇದೆ," ಎಂದರು ಡಾಕ್ಟರು. "ಬೇರು ಗಟ್ಟಿ ಇದ್ರೆ ನಾವು ಹಲ್ಲು ಕೀಳಲ್ಲ."

"ನೀವು ಕಿತ್ತೇ ಕೀಳ್ತೀರಿ ಡಾಕ್ಟ್ರೇ," ಎಂದಳು ಚಿಕ್ಕಮ್ಮ. "ನನ್ನ ದವಡೆ ನೋಡಿ, ಅರ್ಧ ಖಾಲಿ ಸೈಟು."

ಆಗ ಅಮ್ಮ ಮೊದಲ ಬಾರಿಗೆ ಗಾಡಿಯ ಹತ್ತಿರ ಬಂದಳು. ಬಾಗಿಲು ತೆರೆದು, ಬಾಗಿಲ ಪಕ್ಕದ ಕಂಬದ ಮೇಲಿನ ಪುಟ್ಟ ತಗಡನ್ನು ಹೆಬ್ಬೆರಳಿನಿಂದ ಉಜ್ಜಿದಳು. ಗಾಡಿ ತಯಾರಾದ ತಿಂಗಳ ಅಕ್ಷರ ಮೂಡಿದವು. ಅವಳು ಓದಿದ ರೀತಿಯಿಂದಲೇ ನನಗೆ ತಿಳಿಯಿತು.

"ನಡುಚಳಿಗಾಲ," ಎಂದಳು. "ನಾವು ಬೆಂಕಿ ಹಾಕ್ಕೊಂಡು ಹೊರಗೆ ಕೂತಿದ್ವಿ. ಆಯ್ತಲ್ಲ ಕಣೇ, ನಡಿ."

ಬಾನೆಟ್ಟಿನ ಮೇಲಿದ್ದ ಕೈ ತೆಗೆಯಲಾಗಲಿಲ್ಲ.

"ಬಂದಿದ್ದಂತೂ ಬಂದಿದ್ದೀವಿ," ಎಂದಳು ಅಮ್ಮ, ದನಿ ಬದಲಿಸಿ. "ಆ ಪರದೆ ಬಸ್ಸಿನ ಮಹಾಶಯರ ಕೈಗುಣ ಒಂದ್ಸಲ ಕಣ್ತುಂಬ ನೋಡ್ಕೊಂಡಾದ್ರೂ ಹೋಗೋಣ. ಡಿಕ್ಕಿ ತೆಗಿ."

"ಅಲ್ಲೇನಿರತ್ತೆ ಅಕ್ಕ ನೋಡೋಕೆ," ಎಂದಳು ಚಿಕ್ಕಮ್ಮ. "ಮೋಡ ಕಟ್ಟಿದೆ, ಹೋಗೋಣ."

ಹೊರಗೆ ರಣಬಿಸಿಲು. ನಾನು ನಗಬೇಕೆಂದುಕೊಂಡೆ, ಚಿಕ್ಕಮ್ಮನ ಮುಖ ನೋಡಿ ನಗು ಬರಲಿಲ್ಲ.

ಸ್ಟೆಪ್ನಿ ಎತ್ತಿ ಹೊರಗಿಟ್ಟು, ನೆಲಕ್ಕೆ ಹತ್ತಿಕೊಂಡಿದ್ದ ಚಾಪೆ ಕಿತ್ತೆ. ಬಲಗಡೆಯ ಜೋಡು ಪೂರ್ತಿ ತಿಂದುಹೋಗಿತ್ತು. ಅಂಟನ್ನು ಯಾರೋ ಗೋಡೆಗೆ ಸಗಣಿ ಎರಚಿದಂತೆ ಮೆತ್ತಿದ್ದರು. ಗಂಟು, ಗಂಟು, ಗಂಟಿನ ಕೆಳಗೆ ತುಕ್ಕು, ತುಕ್ಕಿನ ತೂತಿನಲ್ಲಿ ಶೆಡ್ಡಿನ ನೆಲ ಕಾಣುತ್ತಿತ್ತು. ಅಮ್ಮನ ಮುಖ ಅರಳಿತು. ಎಷ್ಟೋ ವರ್ಷಗಳಿಂದ ಅವಳನ್ನು ಅಷ್ಟು ಖುಷಿಯಾಗಿ ನಾನು ಕಂಡಿರಲಿಲ್ಲ.

"ನೋಡಿ ಡಾಕ್ಟ್ರೇ, ನೋಡಿ! ನಮ್ಮನ್ನ ಹೊರಗಿಟ್ಟು ಮಾಡಿಸ್ಕೊಂಡ ಘನಕಾರ್ಯ! ಏನೇ, ಬಾರೇ ಇಲ್ಲಿ, ನೀನೂ ನೋಡು!"

ಚಿಕ್ಕಮ್ಮ ಗೋಡೆಯ ಹತ್ತಿರವೇ ನಿಂತಿದ್ದಳು.

ಅಮ್ಮ ನನ್ನ ಕೈದೀಪ ಕಸಿದುಕೊಂಡು ಎಡಗಡೆಗೆ ಹಿಡಿದಳು. ಹಿಡಿದ ಕೈ ಅಲ್ಲೇ ನಿಂತಿತು.

ಎಡಗಡೆಯ ಜೋಡಿನಲ್ಲಿ ಒಂದು ಚುಕ್ಕೆಯೂ ತುಕ್ಕಿರಲಿಲ್ಲ. ಅಂಟು ಮೂಲೆಯಿಂದ ಮೂಲೆಯವರೆಗೆ ಒಂದೇ ಉಸಿರಿನಲ್ಲಿ ಹರಿದಿತ್ತು, ನೀರಿನ ಮೇಲೆ ಹಕ್ಕಿಯೊಂದು ಕಾಲು ತಾಗಿಸಿ ಹೋದಷ್ಟು ಹಗುರಾಗಿ. ಗೆರೆ ಮುಗಿಯುವಲ್ಲಿ, ಬೆರಳು ಎತ್ತುವಾಗ, ಒಂದು ಬಾಲ ಉಳಿಯುತ್ತದೆ. ಒಬ್ಬೊಬ್ಬರ ಬಾಲ ಒಂದೊಂದು ಥರ. ಆದರೂ ಸಾಲಿನ ಹೆಂಗಸರೆಲ್ಲರದೂ ಒಂದೇ ಕಡೆಗೆ ತಿರುಗುತ್ತಿತ್ತು. ಇದು ಉಲ್ಟಾ ತಿರುಗಿತ್ತು. ಇಡೀ ಸಾಲಿನಲ್ಲಿ ಎಡಗೈಯವಳು ಒಬ್ಬಳೇ ಇದ್ದಳು. ಅದು ನನಗೂ ಗೊತ್ತಿತ್ತು, ನನಗೆ ಅನ್ನ ಕಲಸಿ ತಿನ್ನಿಸಿದ್ದೂ ಅದೇ ಎಡಗೈ.

ಆ ಚಳಿಗಾಲ ಚಿಕ್ಕಮ್ಮ ಊರಲ್ಲೇ ಇರಲಿಲ್ಲ. ಅತ್ತೆ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ, ನೋಡಿಕೊಳ್ಳಲು ಹೋಗಿದ್ದೇನೆ ಎಂದಿದ್ದಳು. ಮುಷ್ಕರ ಮುರಿದುಬಿದ್ದ ಮೇಲೆ ಗೇಟಿನ ಮುಂದೆ ಕೂತವರನ್ನೆಲ್ಲ ಕಂಪನಿ ಬೀದಿಗೆ ಎಸೆಯಿತು. ಅಮ್ಮ ಸ್ಕೂಲ್ ವ್ಯಾನು ಓಡಿಸಿ ನನ್ನನ್ನು ಸಾಕಿದಳು. ಗೇಟಿನಲ್ಲಿ ಕಾಣಿಸಿಕೊಳ್ಳದ ಚಿಕ್ಕಮ್ಮನನ್ನು ಇಟ್ಟುಕೊಂಡರು. ಅಮ್ಮ ಅದಕ್ಕೆ ಒಂದು ಮಾತೂ ಆಡಿದವಳಲ್ಲ. ಒಬ್ಬಳಾದರೂ ಉಳಿದಳಲ್ಲ ಎಂದಿದ್ದಳು. ಅಂದಿನಿಂದ ಒಂದೇ ಮನೆ, ಕೆಳಗೆ ನಾವು, ಮೇಲೆ ಚಿಕ್ಕಮ್ಮ.

ಅಮ್ಮ ತಿರುಗಲಿಲ್ಲ. ಡಿಕ್ಕಿಯೊಳಗೆ ತಲೆಯಿಟ್ಟುಕೊಂಡೇ ಕೇಳಿದಳು: "ನಿಮ್ಮತ್ತೆ ಸೊಂಟ ಮುರಿದಿತ್ತಲ್ಲ, ಅದು ಯಾವ ಕಡೇದೇ?"

"ಮುರಿದಿದ್ದು ನಿಜ ಅಕ್ಕ," ಎಂದಳು ಚಿಕ್ಕಮ್ಮ. "ಅದರ ಹಿಂದಿನ ವರ್ಷ."

ಡಾಕ್ಟರು ನಮ್ಮ ಮೂವರ ಮುಖ ನೋಡಿ, ನೀರು ತರುತ್ತೇನೆಂದು ಮನೆಯೊಳಗೆ ಹೋದರು.

"ಪರದೆ ಬಸ್ಸಲ್ಲಿ ಬಂದ್ಯಾ?"

"ಹ್ಞೂಂ."

"ಯಾವ ಕಡೆ ಕೂರ್ತಿದ್ದೆ?"

"ನೀನಿದ್ದ ಕಡೆ. ಸಂದಿಯಲ್ಲಿ ಕಾಣ್ತಿತ್ತು. ಇವಳು ನಿನ್ನ ತೊಡೆ ಮೇಲೆ ನಿದ್ದೆ ಹೋಗಿರ್ತಿದ್ಲು."

ದೂಳು ಇನ್ನೂ ಇಳಿದಿರಲಿಲ್ಲ. ನಾನು ಅದನ್ನೇ ನೋಡುತ್ತ ನಿಂತೆ. ಮಂಜಿನಲ್ಲಿ ಆ ಬಸ್ಸು ಮತ್ತೆ ಹಾದುಹೋಯಿತು; ಪರದೆಯ ಸಂದಿಯಲ್ಲಿ ಒಂದು ಕಣ್ಣು, ಅದು ಎಚ್ಚರವಾಗಿತ್ತು, ನಾನು ನಿದ್ದೆಯಲ್ಲಿದ್ದೆ.

"ಯಾಕೆ?" ಎಂದಳು ಅಮ್ಮ.

"ಹೆದರಿಕೆ ಅಕ್ಕ. ಮ್ಯಾನೇಜರು ಮನೆಗೆ ಬಂದು ಕೂತಿದ್ದ. ಬೇರೆ ಏನಾದ್ರೂ ಒಳ್ಳೇ ಕಾರಣ ಇತ್ತೇನೋ ಅಂತ ಇಷ್ಟು ವರ್ಷ ಹುಡುಕಿದೆ. ಸಿಗಲಿಲ್ಲ."

ಆಗ ಅಮ್ಮ ತಲೆಯೆತ್ತಿದಳು. "ಹೋಗಿದ್ದು ಹೋದೆ, ಕೆಲಸನಾದ್ರೂ ಕೆಡಿಸಬಾರ್ದಾಗಿತ್ತಾ? ಆ ಬಲಗಡೆಯವನನ್ನ ನೋಡು! ಪಾಪ, ಏನೂ ಬರದೆ ನಮಗೆಷ್ಟು ಉಪಕಾರ ಮಾಡಿದ್ದಾನೆ. ನೀನು ನಮ್ಮನ್ನ ಚಳೀಲಿ ಕೂರಿಸಿ, ಒಳಗೆ ಹೋಗಿ, ಹಿಂಗೆ... ಹಿಂಗೆ ಅಂದವಾಗಿ..."

"ಬೆರಳು ಕೇಳಲಿಲ್ಲ ಅಕ್ಕ. ಕೆಡಿಸೋಣ ಅಂತಲೇ ಇದ್ದೆ. ಅಂಟು ಮುಟ್ಟಿದ ತಕ್ಷಣ ಅದರಷ್ಟಕ್ಕೆ ಅದು ಹೋಗಿಬಿಡ್ತು."

ಅಮ್ಮನ ಬೆರಳೂ ಅಂಥದ್ದೇ. ಕಂಪನಿ ತಿಂದದ್ದು ಅವರ ಈ ಗುಣವನ್ನು. ಕೈಗವಸು ಕೊಡದಿದ್ದರೂ, ಗಾಳಿ ಕೊಡದಿದ್ದರೂ, ಹೊರಗೆಸೆದರೂ, ಹೆದರಿಸಿ ಒಳಗೆಳೆದರೂ ಕೆಟ್ಟದಾಗಿ ಮಾಡಲು ಬಾರದ ಬೆರಳುಗಳು. ಆ ಬೆರಳುಗಳ ಮೇಲೆ ಮಹಡಿ ಮಹಡಿ ಕಟ್ಟಿಕೊಂಡ ಜನ ಒಂದು ದಿನ ಕಾರ್ಖಾನೆಗೆ ಬೀಗ ಹಾಕಿಕೊಂಡು ಹೋಗಿಯೂ ಬಿಟ್ಟರು. ಅವರಲ್ಲಿ ಒಬ್ಬನೂ ಇವತ್ತು ಈ ಶೆಡ್ಡಿನಲ್ಲಿ ಇರಲಿಲ್ಲ. ಇದ್ದವರು ಇಬ್ಬರು ಅಕ್ಕತಂಗಿಯರು, ಒಂದು ಡಿಕ್ಕಿಯ ಆಚೆ ಈಚೆ.

ನಾನು ಚಾಪೆ ಮತ್ತೆ ಹಾಸಿದೆ. "ಬಿಡಮ್ಮ. ಹೋಗೋಣ. ಈ ಗಾಡಿ ಬೇಡ."

"ಯಾಕೆ ಬೇಡ?"

"ನೀನೇ ಹೇಳಿದ್ದಲ್ಲ, ಮುಷ್ಕರದ ಗಾಡಿ ಹೊಸ್ತಿಲು ದಾಟಬಾರ್ದು ಅಂತ."

"ಅದರಲ್ಲಿ ಅರ್ಧ ಆಗಲೇ ನಮ್ಮ ಮನೇಲಿದೆ," ಎಂದಳು ಅಮ್ಮ. "ಮಹಡಿ ಮೇಲೆ." ಆಮೇಲೆ ಡಿಕ್ಕಿಯ ಅಂಚಿನ ಮೇಲೆ ಕೂತಳು, ತುಂಬ ದೂರ ನಡೆದು ಬಂದವಳ ಹಾಗೆ. "ಇಲ್ಲೇ ಬಿಟ್ಟು ಹೋದ್ರೆ ಇವಳ ಗೆರೆ ಇನ್ಯಾರ ಶೆಡ್ಡಲ್ಲೋ ಹಿಂಗೇ ಥಳಥಳ ಅಂತಿರತ್ತೆ. ಗಾಡಿ ತಗೋ. ಮೊದಲು ಆ ಎಡಗಡೆ ಗೆರೆ ಕೆರೆದು ತೆಗೀಬೇಕು."

"ಅಮ್ಮ, ಇಡೀ ಗಾಡೀಲಿ ಸರಿಯಾಗಿರೋದು ಅದೊಂದೇ."

"ಅದಕ್ಕೇ." ತಂಗಿಯ ಕಡೆ ತಿರುಗಿದಳು. "ಇವಳಲ್ಲ, ನೀನೇ ಕೆರೀಬೇಕು. ತಗಡು ಬೆಳ್ಳಗೆ ಕಾಣೋವರೆಗೂ ತಿಕ್ಕಬೇಕು. ಆಮೇಲೆ ಮತ್ತೆ ಹಾಕಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಚಿಕ್ಕಮ್ಮ ಎಡಗೈಯನ್ನು ತಿರುಗಿಸಿ ನೋಡಿಕೊಂಡಳು. "ಈಗ ಬೆರಳು ಮಡಚಲ್ಲ ಅಕ್ಕ. ಸೊಟ್ಟ ಹೋಗತ್ತೆ."

"ಸೊಟ್ಟ ಹೋಗಲಿ. ನಮ್ಮ ಜೊತೆ ನಿಂತು ಒಂದ್ಸಲ ಸೊಟ್ಟ ಹಾಕು."

ಚಕ್ರಗಳಿಗೆ ಗಾಳಿ ತುಂಬಿಸಿದೆ. ಹಿಡಿದುಕೊಂಡಿದ್ದ ಬ್ರೇಕನ್ನು ಸುತ್ತಿಗೆಯಿಂದ ತಟ್ಟಿ ಬಿಡಿಸಿದೆ. ಡಾಕ್ಟರು ಬೀಗದಕೈ ಕೊಡುವಾಗ ನನ್ನ ಕಿವಿಯಲ್ಲಿ, "ಅಮ್ಮನವರು ಎಂಥ ಹಲ್ಲನ್ನೂ ಕೈಯಲ್ಲೇ ಕೀಳ್ತಾರೆ," ಎಂದರು. ಡಿಪೋದ ಗೆಳತಿಯಿಂದ ತಂದಿದ್ದ ವ್ಯಾನಿನ ಹಿಂದಕ್ಕೆ ಹಗ್ಗ ಕಟ್ಟಿದೆ. ಹಿಂದಿನ ಗಾಡಿಯಲ್ಲಿ ಸ್ಟೇರಿಂಗ್ ಹಿಡಿಯಲು ಒಬ್ಬರು ಬೇಕಿತ್ತು. ಅಮ್ಮ ಕೇಳದೆಯೇ ಬಾಗಿಲು ತೆರೆದಳು. ತೂತಾದ ನೆಲದ ಮೇಲೆ ನಾನು ಹಾಕಿದ ಹಲಗೆಯನ್ನು ಕಾಲಿನಿಂದ ಒತ್ತಿ ನೋಡಿ, ಒಳಗೆ ಜಾರಿ ಕೂತಳು. ಸೀಟು ಅವಳನ್ನು ನುಂಗಿತು. ಮುಖ ಮಾತ್ರ ಕಾಣುತ್ತಿತ್ತು.

"ನೆಲದ ಮೇಲೆ ಕೂತ ಹಾಗಿದೆಯಲ್ಲೇ!" ಎಂದಳು. "ಇದಕ್ಕಾ ಆ ದುಡ್ಡಿನವರು ಅಷ್ಟು ಕುಣಿದಿದ್ದು?"

ಚಿಕ್ಕಮ್ಮ ವ್ಯಾನಿನ ಕಡೆ ಹೊರಟಿದ್ದಳು.

"ಎಲ್ಲಿಗೆ?" ಎಂದಳು ಅಮ್ಮ. "ಇಲ್ಲಿ ಹತ್ತು."

ಹೊರಟೆವು. ನಡೆದು ಹೋಗುವವರು ನಮ್ಮನ್ನು ದಾಟುವಷ್ಟು ನಿಧಾನ. ಹಿಂದಿನ ಗಾಡಿಗೆ ಎಂಜಿನ್ನಿನ ಸದ್ದಿಲ್ಲ. ಕನ್ನಡಿಯಲ್ಲಿ ಅದು ನೀರಿನ ಮೇಲೆ ಬರುತ್ತಿರುವ ಹಾಗೆ ಬರುತ್ತಿತ್ತು. ಸಂಜೆಯ ಬಿಸಿಲು ಅದರ ಗಾಜಿನ ಮೇಲೆ ಬಿದ್ದಾಗ ಇಬ್ಬರೂ ಮಾಯವಾಗುತ್ತಿದ್ದರು, ಮರದ ನೆರಳು ಬಂದಾಗ ಮತ್ತೆ ಮೂಡುತ್ತಿದ್ದರು. ಅಮ್ಮನ ಬಾಯಿ ಆಡುತ್ತಿತ್ತು. ಮುಂದಿನ ನೆರಳಿನಲ್ಲೂ ಅವಳದೇ. ಸೇತುವೆಯ ಮೇಲೆ ಚಿಕ್ಕಮ್ಮನದು. ಏನೂ ಕೇಳಿಸುತ್ತಿರಲಿಲ್ಲ. ಅಂಗಡಿಗಳ ಮುಂದೆ ನಿಂತವರು ಮಾತು ನಿಲ್ಲಿಸಿ ಆ ಕೆಂಪು ಗಾಡಿಯನ್ನೂ ಅದರೊಳಗಿನ ಎರಡು ನರೆತ ತಲೆಗಳನ್ನೂ ನೋಡಿದರು.

ಇದ್ದಕ್ಕಿದ್ದಂತೆ ಹಗ್ಗ ಬಿಗಿದು ವ್ಯಾನು ಜಗ್ಗಿ ನಿಂತಿತು. ಅಮ್ಮ ಕೈಬ್ರೇಕ್ ಎಳೆದಿದ್ದಳು. ನಾನು ಇಳಿದು ಓಡಿದೆ. ಇಬ್ಬರ ಮುಖವೂ ಕೆಂಪಾಗಿತ್ತು. ಯಾರು ಅತ್ತಿದ್ದರು, ಯಾರು ಬೈದಿದ್ದರು, ತಿಳಿಯಲಿಲ್ಲ.

"ಏನಾಯ್ತು?"

"ಏನಿಲ್ಲ, ಸಿಟ್ಟು ಬಂತು," ಎಂದಳು ಅಮ್ಮ, ಬ್ರೇಕ್ ಬಿಡುತ್ತ. "ನೀನ್ಯಾಕೆ ಇಳಿದೆ? ಇನ್ನೂ ಮುಗಿದಿಲ್ಲ. ನಡಿ, ನಡಿ."

ನಾನು ಹೋಗಿ ಕೂತೆ. ನಮ್ಮ ಬೀದಿಯ ತಿರುವು ಬಂತು. ಕನ್ನಡಿ ನೋಡಿದೆ, ಇಬ್ಬರ ಬಾಯಿಯೂ ಇನ್ನೂ ಆಡುತ್ತಿತ್ತು. ತಿರುಗಿಸದೆ ನೇರಕ್ಕೆ ಹೋದೆ.