ಎರಡು ಹುಬ್ಬುಗಳ ನಡುವೆ

ಟೈಲರಮ್ಮನ ಮನೆಯಲ್ಲಿ ಗಮ್ ಟೇಪ್ ಬೇಗ ಬೇಗ ಮುಗಿಯತೊಡಗಿತ್ತು.

ಹೊಲಿದ ಬಟ್ಟೆಗಳನ್ನು ಪೊಟ್ಟಣ ಕಟ್ಟಿ ಅಂಗಡಿಗಳಿಗೆ ಕಳಿಸಲು ಆಕೆ ಅಗಲವಾದ ಕಂದು ಟೇಪ್ ತಂದಿಡುತ್ತಿದ್ದಳು. ಮೊದಲ ಅನುಮಾನ ಹೋದದ್ದು ಗಂಡನ ಮೇಲೆ. ಅವನು ವ್ಯಾನ್ ಓಡಿಸುವವನು. ಹರಿದ ಸೀಟಿಗೂ ಟೇಪ್, ಒಡೆದ ಕನ್ನಡಿಗೂ ಟೇಪ್ ಎನ್ನುವ ಜಾತಿ.

"ನಾನಲ್ಲ ಕಣೆ," ಎಂದ ಅವನು. "ನಾನು ತಗೊಂಡ್ರೆ ಪೂರ್ತಿ ಸುರುಳಿನೇ ಹೊತ್ಕೊಂಡು ಹೋಗ್ತೀನಿ. ಚೂರು ಚೂರು ಕದಿಯೋ ಬುದ್ಧಿ ನಂಗಿಲ್ಲ."

ಒಂದು ಭಾನುವಾರ ಬೆಳಿಗ್ಗೆ ಸಂಗತಿ ತಾನಾಗಿಯೇ ಬಯಲಾಯಿತು. ಬಚ್ಚಲುಮನೆಯಿಂದ ಹೊರಬಂದ ಮಗಳ ಎರಡು ಹುಬ್ಬುಗಳ ನಡುವೆ ಚರ್ಮ ಸುಲಿದು ಕೆಂಪಗಾಗಿತ್ತು. ಮಗಳಿಗೆ ಹನ್ನೊಂದು ವರ್ಷ. ಅಂಬೆಗಾಲಿಡುವಾಗಿನಿಂದಲೂ ಗುಂಡಿಗಳ ಡಬ್ಬಿಯ ಜೊತೆಗೇ ಆಡಿ ಬೆಳೆದವಳು ಎಂದು ಮನೆಯವರೆಲ್ಲ ಅವಳನ್ನು ಬಟನ್ ಎಂದೇ ಕರೆಯುತ್ತಿದ್ದರು.

"ಏನೇ ಅದು ಹಣೆ ಮೇಲೆ?" ಎಂದಳು ತಾಯಿ.

"ಬಾಗಿಲು ಹೊಡೀತು."

"ಬಾಗಿಲು ಸರಿಯಾಗಿ ಹುಬ್ಬಿನ ಮಧ್ಯಕ್ಕೇ ಗುರಿ ಇಟ್ಟು ಹೊಡೀತಾ? ಕೈ ತೋರ್ಸು."

ಬಟನ್ ಮುಷ್ಟಿ ಬಿಚ್ಚಿದಳು. ಮುದುಡಿದ ಟೇಪಿನ ಚೂರು. ಅದಕ್ಕೆ ಅಂಟಿಕೊಂಡ ನಾಲ್ಕಾರು ಕಪ್ಪು ಕೂದಲು. ಟೇಪ್ ಒತ್ತುವುದು, ಒಂದೇ ಎಳೆತಕ್ಕೆ ಕೀಳುವುದು. ಹಲವು ದಿನಗಳಿಂದ ಇದು ನಡೆದಿತ್ತು.

"ಯಾಕೆ ಪುಟ್ಟಿ?" ಟೈಲರಮ್ಮನ ದನಿ ತಗ್ಗಿತು.

ಹುಡುಗಿ ಒಂದೇ ಉಸಿರಿಗೆ ಹೇಳಿದಳು. "ಪ್ರಶ್ನೆಪತ್ರಿಕೇಲಿ ಉದ್ದ ಗೆರೆ ಎಳೆದಿರ್ತಾರಲ್ಲ, ನನ್ನ ಹುಬ್ಬು ಹಾಗಿದೆಯಂತೆ. ನಾನು ಸುದ್ದಿ ಓದೋಕೆ ಮುಂದೆ ಹೋದ್ರೆ ಸಾಕು, ಹಿಂದಿನ ಸಾಲಲ್ಲಿ 'ಬಿಟ್ಟ ಸ್ಥಳ ತುಂಬಿರಿ' ಅಂತ ಶುರು ಮಾಡ್ತಾರೆ. ನಾನಿನ್ನು ಓದಲ್ಲಮ್ಮ. ಟೀಚರ್‌ಗೂ ಹೇಳಿದ್ದೀನಿ. ಯೋಚನೆ ಮಾಡಿ ಹೇಳು ಅಂದಿದ್ದಾರೆ."

ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಗೆ ಸುದ್ದಿ ಓದುವ ಅವಕಾಶ ಬಟನ್‌ಗೆ ಸುಮ್ಮನೆ ಸಿಕ್ಕಿರಲಿಲ್ಲ. ತೊದಲು ಬಿಡಿಸಿಕೊಳ್ಳಲು ಅವಳು ವರ್ಷವಿಡೀ ಹೊಲಿಗೆ ಯಂತ್ರದ ಪಕ್ಕ ನಿಂತು ಪತ್ರಿಕೆಯನ್ನು ಗಟ್ಟಿಯಾಗಿ ಓದಿದ್ದಳು. ಈಗ ನಾಲ್ಕು ಕೂದಲಿನ ಕಾರಣಕ್ಕೆ ಆ ಜಾಗ ಬಿಟ್ಟುಕೊಡಲು ಹೊರಟಿದ್ದಳು.

ಕಿಟಕಿಯ ಬಳಿ ಕೂತು ಅಂಗಿಗೆ ಕಾಜಾ ಹೊಲಿಯುತ್ತಿದ್ದ ಅಜ್ಜಿ ತಲೆ ಎತ್ತಿದರು. ಅವರ ಹುಬ್ಬೂ ಅಷ್ಟೇ, ಈ ಕೊನೆಯಿಂದ ಆ ಕೊನೆಗೆ ಒಂದೇ ಎಳೆ. ಮಗನಿಗೆ ಅದು ಬಂದಿತ್ತು, ಮಗನಿಂದ ಮೊಮ್ಮಗಳಿಗೆ.

"ಅದು ನನ್ನ ಹುಬ್ಬು. ನಮ್ಮ ಮನೆತನದ ಗುರುತು," ಎಂದರು ಅಜ್ಜಿ. "ಹನ್ನೊಂದು ವರ್ಷಕ್ಕೇ ಇಂಥ ಶೋಕಿನಾ? ಒಂದು ಸಲ ಕೈ ಹಾಕಿದ್ರೆ ಮುಗೀತು, ಪೊರಕೆ ಥರ ಬೆಳೆಯುತ್ತೆ. ಸುಮ್ನೆ ಬಿಡ್ರಿ."

"ಸುಮ್ನೆ ಬಿಟ್ರೆ ಅವಳು ಚರ್ಮಾನೇ ಕಿತ್ಕೋತಾಳೆ ಅತ್ತೆ," ಎಂದಳು ಟೈಲರಮ್ಮ. "ಪಾರ್ಲರಲ್ಲಿ ದಾರದಲ್ಲೇ ತೆಗೀತಾರೆ. ದಾರದ ವಿಷಯ ನಂಗೆ ಯಾರಾದ್ರೂ ಕಲಿಸಬೇಕಾ? ಬಾ ಇಲ್ಲಿ ಬಟನ್, ಕೂತ್ಕೋ."

ಯಂತ್ರದ ಮೇಲಿದ್ದ ಉಂಡೆಯಿಂದ ಆಕೆ ಒಂದು ಮಾರು ಕಪ್ಪು ಹೊಲಿಗೆದಾರ ಎಳೆದಳು. ಪಾರ್ಲರಿನಲ್ಲಿ ಕಂಡಂತೆ ತುದಿಯನ್ನು ಹಲ್ಲಲ್ಲಿ ಕಚ್ಚಿ, ಬೆರಳಿಗೆ ಸುತ್ತಿ ತಿರುಚಿದಳು. ಬಟನ್ ಕಣ್ಣು ಮುಚ್ಚಿ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದು ಕೂತಳು.

ಅಷ್ಟರಲ್ಲಿ ಬಾಗಿಲಲ್ಲಿ ನರ್ಸಕ್ಕ ಬಂದರು. ಅದೇ ಬೀದಿಯವರು, ಆರೋಗ್ಯ ಕೇಂದ್ರದಲ್ಲಿ ಕೆಲಸ. ಕೈಯಲ್ಲಿ ಬಿಳಿ ಕೋಟಿತ್ತು.

"ಕೋಟು ಬಿಗಿಯಾಗಿದೆಯೋ ನಾನು ದಪ್ಪ ಆಗಿದ್ದೀನೋ, ತೀರ್ಪು ನೀವೇ ಹೇಳ್ಬೇಕು," ಎನ್ನುತ್ತಾ ಒಳಗೆ ಬಂದವರು ಅಲ್ಲೇ ನಿಂತರು. "ಇದೇನು? ಮಗೂಗೆ ಹೊಲಿಗೆ ಹಾಕ್ತಿದ್ದೀರಾ?"

ಟೈಲರಮ್ಮ ನಡೆದುದನ್ನು ಹೇಳಿದಳು. ನರ್ಸಕ್ಕ ಬಟನ್‌ಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ಮುಟ್ಟಲಿಲ್ಲ.

"ಮೇಲಿನ ಪದರ ಕಿತ್ತು ಬಂದಿದೆ. ಈಗ ಇದರ ಮೇಲೆ ದಾರಾನೂ ಬೇಡ, ಏನೂ ಬೇಡ. ತೊಳೆದ ಕೈಯಲ್ಲಿ ತಣ್ಣೀರಿನ ಬಟ್ಟೆ ಇಡಿ, ಅಷ್ಟೇ ಸಾಕು."

"ಹಾಗಾದ್ರೆ ವಾಸಿಯಾದ ಮೇಲೆ ದಾರದಲ್ಲಿ ತೆಗೀಬಹುದಲ್ಲ?"

"ನಿಮ್ಮ ಕೈ ಮುಂದೆ ಮಾಡಿ. ಆ ದಾರಾನ ಅದರ ಮೇಲೆ ಆಡಿಸಿ ನೋಡಿ."

ಟೈಲರಮ್ಮ ತನ್ನ ಮುಂಗೈ ಮೇಲೆ ದಾರ ತಿರುಚಿ ಎಳೆದಳು. "ಹಾ!" ಎಂದು ಕೈ ಕೊಡವಿದಳು. ಕೂದಲು ಒಂದೂ ಬಂದಿರಲಿಲ್ಲ. ಚರ್ಮದ ಮೇಲೆ ಕೆಂಪು ಗೀರು ಮಾತ್ರ ಎದ್ದಿತ್ತು.

"ಇದು ಬಟ್ಟೆ ಹಿಡಿದು ನಿಲ್ಲೋಕೆ ಮಾಡಿದ ದಾರ, ಜಗ್ಗಿದ್ರೂ ಹರಿಯಲ್ಲ," ಎಂದರು ನರ್ಸಕ್ಕ. "ಪಾರ್ಲರಲ್ಲಿ ಬಳಸೋದು ಬೇರೆ ನೂಲು, ಪಳಗಿದ ಕೈ ಬೇರೆ. ಅಲ್ಲೂ ಮಕ್ಕಳಿಗೆ ನೋವೇ. ಹಲ್ಲಲ್ಲಿ ಕಚ್ಚಿದ ನೂಲು ಸುಲಿದ ಚರ್ಮಕ್ಕೆ ತಾಗಿದ್ರೆ ಸೋಂಕೂ ಆಗಬಹುದು."

"ಚಿಕ್ಕಮ್ಮ ಕೈಗೆ ಹಚ್ಚೋ ಕ್ರೀಮ್ ಇದೆ," ಎಂದಳು ಬಟನ್ ಮೆಲ್ಲಗೆ. "ಐದು ನಿಮಿಷ ಬಿಟ್ಟು ಒರೆಸಿದ್ರೆ ಕೂದಲು ಹೋಗುತ್ತಂತೆ. ನಾಳೆ ಅದನ್ನೇ ಹಚ್ಕೋಬೇಕು ಅಂತಿದ್ದೆ."

ನರ್ಸಕ್ಕ ಕೋಟನ್ನು ಮೇಜಿನ ಮೇಲಿಟ್ಟು ಕೂತರು. ತಮಾಷೆ ನಿಲ್ಲಿಸಿದರು.

"ಹೇಳಿದ್ದು ಒಳ್ಳೇದಾಯ್ತು ಮಗಳೇ. ಆ ಕ್ರೀಮ್ ಕೂದಲನ್ನ ಕರಗಿಸೋ ರಾಸಾಯನಿಕ. ಗಾಯದ ಮೇಲೆ ಸುಡುತ್ತೆ. ಜಾರಿ ಕಣ್ಣಿಗೆ ಹೋದ್ರೆ ಕಣ್ಣಿಗೇ ಪೆಟ್ಟು. ಹುಬ್ಬಿನ ಹತ್ತಿರ ಅದು ಬರಲೇಬಾರದು. ಬಿಸಿ ಮೇಣನೂ ಅಷ್ಟೇ, ನಿನ್ನ ವಯಸ್ಸಿನ ಚರ್ಮ ಅದರ ಜೊತೆಗೇ ಎದ್ದು ಬರಬಹುದು. ಅಪ್ಪನ ಬ್ಲೇಡ್ ಜಾರಿದ್ರೆ ಅರ್ಧ ಹುಬ್ಬು ಹೋಗುತ್ತೆ. ಲೇಸರ್ ಅಂತ ಯಾರಾದ್ರೂ ಹೇಳಿದ್ರೆ, ಈ ವಯಸ್ಸಿಗೆ ಅದು ಬೇಡ."

"ನೋಡಿದ್ಯಾ?" ಅಜ್ಜಿ ಸೂಜಿ ಆಡಿಸುತ್ತಾ ಗೆದ್ದ ದನಿಯಲ್ಲಿ ಹೇಳಿದರು. "ನಾನೂ ಅದೇ ಹೇಳಿದ್ದು. ತೆಗೆದ್ರೆ ದಪ್ಪ ಆಗುತ್ತೆ."

"ಅದೊಂದು ಮಾತ್ರ ಸುಳ್ಳು ಅಜ್ಜಿ. ಕತ್ತರಿಸಿದ ತುದಿ ಮೊಂಡಾಗಿರುತ್ತೆ, ಅದಕ್ಕೇ ಕೈಗೆ ಒರಟು ಅನ್ಸುತ್ತೆ. ಕೂದಲು ದಪ್ಪ ಆಗಲ್ಲ, ಹೆಚ್ಚೂ ಆಗಲ್ಲ. ಹಾಗೇನಾದ್ರೂ ಆಗೋದಿದ್ರೆ ನಿಮ್ಮ ಮಗನ ಬೋಳುತಲೆಗೆ ಎರಡು ಸಲ ಬ್ಲೇಡ್ ಆಡಿಸಿದ್ರೆ ಸಾಕಿತ್ತಲ್ಲ?"

ಒಳಕೋಣೆಯಿಂದ ದನಿ ಬಂತು: "ನನ್ನ ತಲೆ ಸುದ್ದಿ ಯಾಕ್ರೀ ಈಗ?"

ಬಟನ್ ಕಿಸಕ್ಕನೆ ನಕ್ಕಳು. ಅಜ್ಜಿ ನಗಲಿಲ್ಲ.

"ಹಾಗಾದ್ರೆ ಈ ಹುಬ್ಬು ರೋಗ ಅಂತೀಯಾ?" ಎಂದರು. "ಎಪ್ಪತ್ತು ವರ್ಷ ಇದನ್ನ ಹೊತ್ಕೊಂಡೇ ತಿರುಗಿದ್ದೀನಿ. ಯಾರೂ ಒಂದು ಮಾತು ಅಂದಿಲ್ಲ."

"ರೋಗ ಅಲ್ವೇ ಅಲ್ಲ. ತೆಗೀಲೇಬೇಕು ಅಂತಾನೂ ಇಲ್ಲ," ಎಂದರು ನರ್ಸಕ್ಕ. "ಗಲ್ಲ, ಎದೆ, ಹೊಟ್ಟೆ ಮೇಲೆಲ್ಲ ಇದ್ದಕ್ಕಿದ್ದಂತೆ ದಟ್ಟ ಕೂದಲು ಬಂದಿದ್ರೆ ಡಾಕ್ಟರಿಗೆ ತೋರಿಸಿ ಅಂತಿದ್ದೆ. ಇವಳಿಗೆ ಹಾಗಿಲ್ಲ. ಇದು ನೀವು ಕೊಟ್ಟ ಹುಬ್ಬು. ಇರಬೇಕೋ ಬೇಡವೋ ಅಂತ ಕೇಳಬೇಕಾದ್ದು ಅವಳನ್ನ."

ಎಲ್ಲರೂ ಬಟನ್ ಕಡೆ ನೋಡಿದರು. ಅವಳು ಅಜ್ಜಿಯನ್ನು ನೋಡಿದಳು.

"ಅವಸರ ಇಲ್ಲ," ಎಂದರು ನರ್ಸಕ್ಕ. "ಚರ್ಮ ಮೊದಲಿನ ಹಾಗಾಗಲಿ. ಅಲ್ಲೀವರೆಗೂ ಯೋಚನೆ ಮಾಡು. ಕೆಂಪು ಜಾಸ್ತಿಯಾಗಿ ಊದಿದ್ರೆ, ಕೀವು ಕಂಡ್ರೆ ಮಾತ್ರ ತಕ್ಷಣ ಕೇಂದ್ರಕ್ಕೆ ಬನ್ನಿ. ಇನ್ನೊಂದು ಮಾತು. ಕೂದಲು ತೆಗೆಯೋದು ಒಂದು ಕೆಲಸ, ಹಂಗಿಸೋದನ್ನ ನಿಲ್ಲಿಸೋದು ಇನ್ನೊಂದು. ಇವತ್ತು ಹುಬ್ಬು ಅಂದವರು ನಾಳೆ ಹಲ್ಲು ಅಂತಾರೆ. ಅದನ್ನೂ ಕೀಳೋಕಾಗುತ್ತಾ? ಶಾಲೆಗೆ ಹೋಗಿ ಮಾತಾಡಿ."

ಮರುದಿನ ಶಾಲೆಗೆ ಹೋದದ್ದು ತಂದೆ. ವ್ಯಾನನ್ನು ಗೇಟಿನ ಹೊರಗೆ ನಿಲ್ಲಿಸಿ, ಅದೇ ಹುಬ್ಬು ಹೊತ್ತು ಟೀಚರ್ ಮುಂದೆ ಕೂತ. ಯಾರ ಹೆಸರನ್ನೂ ಹೇಳಲಿಲ್ಲ. ಟೀಚರ್‌ಗೆ ಹಿಂದಿನ ಸಾಲು ಯಾವುದೆಂದು ಗೊತ್ತಿತ್ತು. ಅವರು ಬಟನ್‌ಳನ್ನು ಎಲ್ಲರೆದುರು ನಿಲ್ಲಿಸದೆ ಆ ಸಾಲಿನವರನ್ನೇ ಬೇರೆ ಕರೆದು ಮಾತನಾಡಿದರು. ಸುದ್ದಿ ಓದುವ ಜಾಗವನ್ನು ಬೇರೆಯವರಿಗೆ ಕೊಡಲಿಲ್ಲ. ಕೆಲವು ದಿನ ತಾವೇ ಓದಿದರು.

ಗಾಯದ ಹಕ್ಕಳೆ ಉದುರಿತು. ಚರ್ಮದ ಬಣ್ಣ ಮರಳಿತು. ಕಿತ್ತುಹೋಗಿದ್ದ ಕೂದಲೂ ಅಲ್ಲಲ್ಲಿ ತಲೆ ಹಾಕಿತು. ನರ್ಸಕ್ಕ ಕೋಟು ಒಯ್ಯಲು ಬಂದ ಸಂಜೆ ಬಟನ್ ತಾನೇ ಕೇಳಿದಳು:

"ನರ್ಸಕ್ಕ, ನೋವಾಗದ ಹಾಗೆ ತೆಗೆಯೋದು ಯಾವುದು?"

"ಎರಡು ದಾರಿ ಇದೆ. ಚಿಮುಟದಲ್ಲಿ ಒಂದೊಂದೇ ಕೂದಲು ಕೀಳಬಹುದು. ಚುರ್ ಅನ್ನುತ್ತೆ, ಸುಳ್ಳು ಹೇಳಲ್ಲ. ಬೆಚ್ಚನೆ ನೀರಲ್ಲಿ ಮುಖ ತೊಳೆದ ಮೇಲೆ, ಕೂದಲು ಬೆಳೆದ ದಿಕ್ಕಿಗೇ ಎಳೆದ್ರೆ ನೋವು ಕಮ್ಮಿ. ಮತ್ತೆ ಬರೋದು ನಿಧಾನ. ಇನ್ನೊಂದು, ಮುಖಕ್ಕೆ ಅಂತಲೇ ಬರೋ ಪೆನ್ನಿನಂಥ ಪುಟ್ಟ ಟ್ರಿಮ್ಮರ್. ಕೀಳಲ್ಲ, ಮೇಲಿಂದ ಕತ್ತರಿಸುತ್ತೆ ಅಷ್ಟೇ. ಕಚಗುಳಿ ಆಗುತ್ತೆ. ಆದರೆ ಬೇಗ ಬೆಳೆಯುತ್ತೆ, ಮತ್ತೆ ಮತ್ತೆ ಮಾಡ್ಬೇಕು."

"ಕಚಗುಳಿದೇ ಇರಲಿ."

"ನನ್ನ ಗಡ್ಡದ್ದು ಇದೆಯಲ್ಲ, ಹೊಸದು ಯಾಕೆ?" ಎಂದ ತಂದೆ.

"ಅದು ದೊಡ್ಡದು, ಕಣ್ಣಿನ ಹತ್ತಿರ ಕೈ ಹಿಡಿತಕ್ಕೆ ಸಿಗಲ್ಲ. ಒಬ್ಬರದ್ದನ್ನ ಇನ್ನೊಬ್ಬರು ಬಳಸಲೂಬಾರದು. ಟವೆಲ್ ಇದ್ದ ಹಾಗೆ."

ಟ್ರಿಮ್ಮರ್ ಬಂತು. ಹಗಲಿನ ಬೆಳಕಲ್ಲಿ, ಕಿಟಕಿಯ ಪಕ್ಕ ಬಟನ್ ಕೂತಳು. ತಾಯಿ ಕೈ ತೊಳೆದು ಬಂದಳು. ಕಲಿಸಿಕೊಡಲು ಬಂದಿದ್ದ ನರ್ಸಕ್ಕ ಒಂದು ಪೆನ್ಸಿಲ್ಲನ್ನು ಮೂಗಿನ ಪಕ್ಕಕ್ಕೆ ನೆಟ್ಟಗೆ ಹಿಡಿದು, ಕಣ್ಣಿನ ಒಳಮೂಲೆಯ ನೇರಕ್ಕೆ ಮೇಲೆ ತೋರಿಸಿದರು.

"ಹುಬ್ಬು ಶುರುವಾಗೋದು ಇಲ್ಲಿ. ಆ ಕಡೆನೂ ಇಲ್ಲೇ. ಮಧ್ಯದ್ದು ಮಾತ್ರ ನಮ್ಮದು. ಹುಬ್ಬಿಗೆ ಆಕಾರ ಕೊಡೋಕೆ ಹೋಗ್ಬೇಡಿ."

"ಅಂದ್ರೆ ಗೆರೆಗಿಂತ ಒಳಗೇ ನಿಲ್ಲಿಸಬೇಕು," ಎಂದಳು ಟೈಲರಮ್ಮ. "ಕತ್ತರಿ ಹಾಕೋವಾಗ ಹೊಲಿಗೆಗೆ ಅಂತ ನಾವು ಸ್ವಲ್ಪ ಬಟ್ಟೆ ಬಿಟ್ಕೊಳ್ಳಲ್ವಾ, ಹಾಗೆ."

"ಹಾಗೇ. ಮೊದಲು ನಾಲ್ಕು ಕೂದಲು ತೆಗೆದು ಒಂದು ದಿನ ಬಿಡಿ. ತುರಿಕೆ, ಕೆಂಪು ಏನೂ ಬರದಿದ್ರೆ ನಾಳೆ ಉಳಿದದ್ದು."

ಟೈಲರಮ್ಮ ಟ್ರಿಮ್ಮರ್ ಕೈಗೆತ್ತಿಕೊಂಡಳು. ಬಟನ್ ಕಣ್ಣು ಮುಚ್ಚಿದವಳು ತಟ್ಟನೆ ತೆರೆದಳು.

"ಅಜ್ಜಿ, ನಿಂಗೆ ಬೇಜಾರಾ?"

ಅಜ್ಜಿ ಕೈಯಲ್ಲಿದ್ದ ಅಂಗಿಯನ್ನು ಮಡಿಲಲ್ಲಿಟ್ಟರು. ಎರಡು ವಾರದಿಂದ ಮೊಮ್ಮಗಳ ಗಟ್ಟಿ ಓದು ಮನೆಯಲ್ಲಿ ನಿಂತುಹೋಗಿತ್ತು. ಅದು ಎಲ್ಲರಿಗಿಂತ ಮೊದಲು ತಿಳಿದದ್ದು ಪತ್ರಿಕೆ ಓದಲು ಬಾರದ ಈ ಅಜ್ಜಿಗೆ.

"ಬೇಜಾರು ಯಾಕೆ? ನಿನ್ನ ಹುಬ್ಬು ನಿಂದು," ಎಂದರು. "ನಂದು ನನ್ನ ಹತ್ರಾನೇ ಇದೆಯಲ್ಲ. ಅಲ್ಲಾಡ್ಬೇಡ, ಕಣ್ಣು ಮುಚ್ಕೋ. ಏ ಸೊಸೆ, ನಿಧಾನ."

ಮುಗಿಯಲು ಟೀ ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಮರುದಿನ ಉಳಿದದ್ದನ್ನೂ ತೆಗೆದರು. ತಣ್ಣೀರಿನ ಬಟ್ಟೆ ಒತ್ತಿದರು. ಪರಿಮಳದ ಕ್ರೀಮು, ಪೌಡರು ಯಾವುದನ್ನೂ ಹಚ್ಚಲಿಲ್ಲ. ಟ್ರಿಮ್ಮರಿನ ತುದಿಯನ್ನು ಒರೆಸಿ ಬಟನ್‌ಳದೇ ಡಬ್ಬಿಯಲ್ಲಿಟ್ಟರು. ಮುಂದಿನ ಸೋಮವಾರ ಅವಳು ಮತ್ತೆ ಸುದ್ದಿ ಓದಿದಳು. ಹಿಂದಿನ ಸಾಲಿನಲ್ಲಿ ಒಬ್ಬಳು ಕೆಮ್ಮಿದಳು. ಬಟನ್ ತಿರುಗಿ ನೋಡಲಿಲ್ಲ.

ಕೂದಲು ಮತ್ತೆ ಬೆಳೆಯಿತು, ಬೆಳೆಯುವುದೇ ಅದರ ಕೆಲಸ. ಒಂದು ಬೆಳಿಗ್ಗೆ ತಾಯಿ ಅದನ್ನು ಗಮನಿಸಿ, "ಮಧ್ಯ ಮತ್ತೆ ಬಂದಿದೆ ಕಣೆ, ಕೂತ್ಕೋ," ಎಂದಳು.

"ಈಗ ಬೇಡಮ್ಮ, ಭಾನುವಾರ ನೋಡೋಣ," ಎಂದಳು ಬಟನ್. ಪತ್ರಿಕೆಯ ಹಾಳೆಗಳ ಮೇಲೆ ಬಗ್ಗಿ ಯಾವ ಸುದ್ದಿ ಮೊದಲು, ಯಾವುದು ಆಮೇಲೆ ಎಂದು ಗುರುತು ಹಾಕುತ್ತಿದ್ದಳು. "ಇವತ್ತು ಸುದ್ದಿ ಜಾಸ್ತಿ ಇದೆ." ಹಾಳೆ ಮಡಚಿಕೊಂಡು, ಬೆಳೆದ ಹುಬ್ಬಿನಲ್ಲೇ ಶಾಲೆಗೆ ಓಡಿದಳು.

ಓದುತ್ತಿರುವ ತಾಯಿ, ತಂದೆ, ಅಜ್ಜಿ, ಅಜ್ಜ, ನಿಮ್ಮ ಮನೆಯ ಹುಡುಗಿಯೂ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿರಬಹುದು. ಬೈಯಬೇಡಿ, ನಗಬೇಡಿ, ಏನಾಯಿತೆಂದು ಕೇಳಿ. ನೀವು ಕೇಳದಿದ್ದರೆ ಅವಳು ಟೇಪನ್ನೋ ಬ್ಲೇಡನ್ನೋ ಕ್ರೀಮನ್ನೋ ಕೇಳುತ್ತಾಳೆ. ಹುಬ್ಬಿನ ಕೂದಲು ಅವಳಿಗೆ ಬೇಕಿದ್ದರೆ ಇರಲಿ. ಬೇಡವೆಂದರೆ, ಗಾಯವಿಲ್ಲದ ಚರ್ಮದ ಮೇಲೆ, ಒಳ್ಳೆಯ ಬೆಳಕಿನಲ್ಲಿ, ಶುಚಿಯಾದ ಚಿಮುಟದಿಂದಲೋ ಪುಟ್ಟ ಟ್ರಿಮ್ಮರಿನಿಂದಲೋ ದೊಡ್ಡವರೇ ಕೂತು ಸ್ವಲ್ಪ ಮಾತ್ರ ತೆಗೆಯಿರಿ. ಅನುಮಾನವಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ನಡುವೆ ಯಾವಾಗಲಾದರೂ ಅವಳು "ಸಾಕು" ಎಂದರೆ, ಅಲ್ಲಿಗೇ ಕೈ ನಿಲ್ಲಿಸಿ.