ಉಪ್ಪು ಹೊರುವ ಹೆಂಗಸರು

ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ತಂಗಿ ಏವಿಸ್ ಕೇಳಿದಾಗ ಥೆಲ್ಮಾ ಯೋಚನೆಯನ್ನೇ ಮಾಡಲಿಲ್ಲ.

"ಹಾರ್ಕೋಮ್ ಮನೆಗೆ ಕರ್ಕೊಂಡು ಹೋಗು. ನನಗಂತೂ ಕಾಣಲ್ಲ. ನೀನು ನೋಡಿ ಹೇಳು. ಅಷ್ಟಾದ್ರೂ ಬರುತ್ತಲ್ಲ ನಿನಗೆ?"

ಥೆಲ್ಮಾಳ ಕಣ್ಣು ಆರಿಹೋಗಿತ್ತು. ಕಿಟಕಿ ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುತ್ತಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಕಲಿಸಿಯೇ ಬದುಕು ಸವೆಸಿದ್ದವಳು, ವರ್ಷವರ್ಷವೂ ಮಕ್ಕಳ ಸಾಲು ಕಟ್ಟಿಕೊಂಡು ಲಂಡನ್ನಿನ ಈ ಕೆಂಪು ಇಟ್ಟಿಗೆಯ ಮನೆಗೆ ಬಂದಿದ್ದಳು. ವಿಕ್ಟೋರಿಯಾ ರಾಣಿಯ ಕಾಲದ ಆಂಬ್ರೋಸ್ ಹಾರ್ಕೋಮ್ ಎಂಬ ಚಿತ್ರಕಾರ ಬಾಳಿ ಸತ್ತ ಮನೆ ಅದು. ಅವನ ಕುಂಚಗಳೂ ಚಪ್ಪಲಿಗಳೂ ಇನ್ನೂ ಅಲ್ಲೇ ಇವೆ.

ಏವಿಸ್ ಅಕ್ಕನ ಮೊಣಕೈ ಹಿಡಿದು ಒಳಗೆ ನಡೆಸಿದಳು.

"ಗೋಡೆ ಹೇಗಿದೆ?"

"ಚೆನ್ನಾಗಿದೆ. ನೀಲಿ."

"ಯಾವ ನೀಲಿ? ಪೊಲೀಸರ ಕೋಟಿನ ನೀಲಿನಾ, ನವಿಲಿನ ನೀಲಿನಾ? ಚೆನ್ನಾಗಿದೆ ಅಂತೆ! ಸೂಪು ಚೆನ್ನಾಗಿರುತ್ತೆ ಕಣೆ, ಪೆದ್ದಿ."

ಮೆಟ್ಟಿಲ ಬಳಿ ನಿಂತಿದ್ದ ಗಂಡ ಹೆಂಡತಿ ಮುಸಿಮುಸಿ ನಕ್ಕರು. ಕೇಳುವ ಕಿವಿ ಸಿಕ್ಕಿದ್ದೇ ತಡ, ಥೆಲ್ಮಾ ಅತ್ತ ತಿರುಗಿದಳು. "ಇವಳು ಹುಡುಗಿಯಾಗಿದ್ದಾಗ ಚಿತ್ರಶಾಲೆಗೆ ಸೇರ್ತೀನಿ ಅಂತ ಊಟ ಬಿಟ್ಟಿದ್ಲು. ಒಂದು ಕುದುರೆ ಬರೆದು ತೋರಿಸಿದ್ಲು. ಮೇಜಿಗೆ ಯಾಕೆ ಬಾಲ ಅಂಟಿಸಿದೀಯ ಅಂತ ಕೇಳಿದೆ. ಅಪ್ಪ ನಕ್ಕೂ ನಕ್ಕೂ ಮಾರನೇ ದಿನವೇ ಟೈಪಿಂಗ್ ಕ್ಲಾಸಿಗೆ ಸೇರಿಸಿಬಿಟ್ರು!"

ಅವರಿಬ್ಬರೂ ಈಗ ಬಾಯಿಬಿಟ್ಟೇ ನಕ್ಕರು. ಏವಿಸ್ ಕೂಡ ನಕ್ಕಳು. ಪ್ರತಿ ಕ್ರಿಸ್‌ಮಸ್ ಊಟದಲ್ಲೂ ಈ ಕತೆಗೆ ನಕ್ಕು ನಕ್ಕು ಅವಳ ಮುಖಕ್ಕೆ ಆ ನಗು ರೂಢಿಯಾಗಿಹೋಗಿತ್ತು.

ಮಹಡಿಯ ಮೇಲೆ ಹಾರ್ಕೋಮ್ ಚಿತ್ರ ಬರೆಯುತ್ತಿದ್ದ ಕೋಣೆ. ಅಲ್ಲಿಗೆ ಬಂದೊಡನೆ ಥೆಲ್ಮಾಳ ದನಿ ಮೆತ್ತಗಾಯಿತು. ದೊಡ್ಡ ಕಿಟಕಿಯ ಬೆಳಕಿನತ್ತ ಮುಖ ಮಾಡಿ, ಆಮೇಲೆ ಅಳತೆ ಹಿಡಿದವಳಂತೆ ಎಡಕ್ಕೆ ತಿರುಗಿದಳು.

"ಇಲ್ಲೇ ಅಲ್ವಾ, ಉಪ್ಪು ಹೊರೋ ಹೆಂಗಸರು? ಹತ್ತು ವರ್ಷದವಳಿದ್ದಾಗ ಇದರ ಮುಂದೆ ನಿಂತು ಅತ್ತಿದ್ದೆ. ಹೇಳು ಏವಿ. ಮೊದಲನೇ ಹೆಂಗಸಿನ ಕತ್ತಿಂದ ಶುರು ಮಾಡು."

ಚಿತ್ರ ಅಲ್ಲೇ ಇತ್ತು. ಗೋಡೆಯ ಮುಕ್ಕಾಲು ಭಾಗವನ್ನೇ ತುಂಬಿತ್ತು. ಸಂಜೆಗೆಂಪಿನ ಸಮುದ್ರದಂಡೆಯಲ್ಲಿ ನಾಲ್ಕು ಹೆಂಗಸರು. ಮುಂದಿನವಳ ಕತ್ತಿನ ನರ ಕೂಡ ಹೊರೆಯ ಭಾರಕ್ಕೆ ಬಿಗಿದು ನಿಂತಿತ್ತು. ಏವಿಸ್ ಅದನ್ನು ಕಣ್ತುಂಬ ನೋಡಿದಳು.

"ಇಲ್ಲ," ಅಂದಳು.

"ಏನಿಲ್ಲ?"

"ಚಿತ್ರ ಇಲ್ಲ. ಗೋಡೆ ಖಾಲಿ. ಒಂದು ಫಲಕ ಹಾಕಿದಾರೆ. ಅದು ಹಾರ್ಕೋಮ್ ಬರೆದಿದ್ದಲ್ವಂತೆ. ಪರೀಕ್ಷೆ ಮಾಡಿಸಿದ್ರಂತೆ. ಅವನ ಕುಂಚ ತೊಳೀತಿದ್ದ ಹುಡುಗಿ ಬರೆದಿದ್ದಂತೆ."

ಥೆಲ್ಮಾಳ ಬಾಯಿ ಅರ್ಧ ತೆರೆದುಕೊಂಡಿತು. "ಸುಳ್ಳು. ಆ ಕತ್ತು... ಅವನನ್ನು ಬಿಟ್ಟರೆ ಇನ್ಯಾರಿಗೂ ಸಾಧ್ಯವಿಲ್ಲ ಅಂತ ಎಷ್ಟು ಮಕ್ಕಳಿಗೆ ಹೇಳಿದೀನಿ ನಾನು!"

"ನಿನಗೆ ಚಿತ್ರ ಬರೆಯೋ ಕೈ ಇಲ್ಲ ಅಂತ ಅವಳಿಗೆ ಹೇಳಿದ್ದನಂತೆ. ಅವಳು ಸತ್ತ ಮೇಲೆ ಹೆಸರು ಕೆರೆದು ತನ್ನ ಹೆಸರು ಬರೆದುಕೊಂಡನಂತೆ. ಓದಲಾ ಇನ್ನೂ?"

"ಕಾವಲಿನವರು ಯಾರಾದ್ರೂ ಇದಾರಾ? ಕರಿ."

"ಯಾರೂ ಇಲ್ಲ."

ಕಾವಲಿನವನು ಮೂಲೆಯ ಕುರ್ಚಿಯಲ್ಲೇ ಇದ್ದ. ಎಲ್ಲ ಕೇಳಿಸಿಕೊಂಡು ಹುಬ್ಬು ಗಂಟಿಕ್ಕಿ ಏಳಹೊರಟಿದ್ದ. ಏವಿಸ್ ಅವನನ್ನೇ ನೋಡುತ್ತ, ಅಕ್ಕನ ತಲೆಯ ಹಿಂದೆ ಬೆರಳನ್ನು ಗಿರಗಿರ ತಿರುಗಿಸಿ, ಇವಳಿಗೆ ಬುದ್ಧಿ ನೆಟ್ಟಗಿಲ್ಲ ಎಂದು ತೋರಿಸಿದಳು. ಅವನ ಮುಖ ಕರಗಿತು. ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿ ಮತ್ತೆ ಕೂತ.

ಥೆಲ್ಮಾ ಅಳಲಿಲ್ಲ. ಕುಗ್ಗಿದಳು. ಕೋಟಿನೊಳಗಿನ ದೇಹವೇ ಚಿಕ್ಕದಾದಂತೆ ಕಂಡಿತು. ಏವಿಸ್‌ಗೆ ಗಂಟಲಿನಲ್ಲಿ ಜೇನು ಇಳಿದಂತಾಯಿತು. ನಾಚಿಕೆ ಈಗ ಬಂದೀತು, ಈಗ ಬಂದೀತು ಎಂದು ಕಾದಳು. ಬರಲಿಲ್ಲ. ಕೆಳಗಿನ ಟೀ ಕೋಣೆಯಲ್ಲಿ ಅಕ್ಕ ಮುಟ್ಟದೆ ಬಿಟ್ಟ ಕೇಕನ್ನೂ ತಾನೇ ತಿಂದಳು.

ಆಮೇಲೆ ಥೆಲ್ಮಾ ಬದಲಾಗಿಹೋದಳು. ಬಡಿಸಿದ್ದನ್ನು ಉಂಡಳು, ತೊಡಿಸಿದ್ದನ್ನು ತೊಟ್ಟಳು. ಕುದುರೆಯ ಕತೆ ನಿಂತಿತು. ಹಳೆಯ ಶಿಷ್ಯೆಯೊಬ್ಬಳು ಫೋನು ಮಾಡಿ, "ಮೇಡಂ ಜೊತೆ ಮಾತಾಡಬಹುದಾ? ಮೊನ್ನೆ ಹಾರ್ಕೋಮ್ ಮನೆಗೆ ಹೋಗಿದ್ದೆ" ಎಂದಾಗ ಏವಿಸ್, "ಮಲಗಿದಾಳೆ ಕಣಮ್ಮಾ, ಈಗೀಗ ಯಾರ ಗುರುತೂ ಹತ್ತಲ್ಲ" ಎಂದು ಇಟ್ಟುಬಿಟ್ಟಳು. ಥೆಲ್ಮಾ ಪಕ್ಕದ ಕೋಣೆಯಲ್ಲಿ ಎಚ್ಚರವಾಗಿಯೇ ಇದ್ದಳು.

ಒಂದು ಬೆಳಿಗ್ಗೆ ಅವಳು ತನ್ನ ಮಂಚದ ತಲೆದೆಸೆಯ ಗೋಡೆಯತ್ತ ಕೈತೋರಿಸಿದಳು. ಅಲ್ಲಿ ಅದೇ ಚಿತ್ರದ ಅಚ್ಚುಪ್ರತಿ ಕಟ್ಟುಹಾಕಿಸಿಕೊಂಡು ತೂಗುತ್ತಿತ್ತು. "ಅದನ್ನ ತೆಗೆದು ಕಸಕ್ಕೆ ಹಾಕು ಏವಿ."

ಏವಿಸ್ ಅದನ್ನು ತೆಗೆದಳು. ಕಸಕ್ಕೆ ಹಾಕಲಿಲ್ಲ. ಧೂಳು ಒರೆಸಿ ತನ್ನ ಕೋಣೆಗೆ ಒಯ್ದು, ಕಿಟಕಿಯ ಬೆಳಕು ಬೀಳುವಲ್ಲಿ ಮೊಳೆ ಹೊಡೆಯತೊಡಗಿದಳು. ಸದ್ದು ಕೇಳಿ ಥೆಲ್ಮಾ ಗೋಡೆ ತಡವುತ್ತ ಬಾಗಿಲಿಗೆ ಬಂದಳು.

"ಏನು ಹಾಕ್ತಿದೀಯ?"

"ಕ್ಯಾಲೆಂಡರು."

"ಸರಿ." ಅವಳು ಹೋಗಲಿಲ್ಲ. ಬಾಗಿಲಿಗೆ ಒರಗಿದಳು. "ಆವತ್ತು ಬೇರೆ ಯಾರಾದ್ರೂ ಆಗಿದ್ರೆ ಕುರುಡಿ ಪಾಪ ಅಂತ ಮುಚ್ಚಿಡ್ತಿದ್ರು. ನೀನು ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ಥ್ಯಾಂಕ್ಸ್ ಕಣೆ."

"ಹಿಂದಕ್ಕೆ ಸರಿ," ಅಂದಳು ಏವಿಸ್, "ಸುಣ್ಣ ಉದುರುತ್ತೆ." ಮತ್ತೆ ಸುತ್ತಿಗೆ ಎತ್ತಿದಳು.